ಅಕ್ಕ ಹುಟ್ಟಿದ ವರ್ಷದ ನಾಣ್ಯ

ನಮ್ಮ ಭಾವನವರ ಲೆಕ್ಕದಲ್ಲಿ ನಾನು ಎರಡಾಣೆಯ ಮನುಷ್ಯ. ಇದು ಬೈಗುಳವಲ್ಲ, ಬಡ್ತಿ. ಅವರು ತಮಗೆ ತಾವೇ ಕಟ್ಟಿಕೊಂಡಿರುವ ಬೆಲೆ ಒಂದಾಣೆ. ಅವರ ಮಗಳು, ಐವತ್ತು ದಾಟಿದರೂ ಮನೆಮಂದಿಯನ್ನೆಲ್ಲ ಗದರಿಸಿಕೊಂಡಿರುವವಳು, ಬರೀ ಹತ್ತು ಪೈಸೆ. ಅದೂ ಅಲ್ಯೂಮಿನಿಯಂದು, ಊದಿದರೆ ಹಾರಿಹೋಗುತ್ತದೆ!

ವಿಷಯ ಇಷ್ಟೆ. ಭಾವ ಎಂದರೆ ನನ್ನ ಅಕ್ಕನ ಗಂಡ. ವಯಸ್ಸು ಎಂಬತ್ತು ದಾಟಿದೆ, ಮನೆ ಬಸವೇಶ್ವರನಗರದಲ್ಲಿ. ಕೆಳಗಡೆ ಬಾಡಿಗೆಯವರು, ಮೇಲ್ಗಡೆ ಇವರಿಬ್ಬರು. ನಿವೃತ್ತರಾದವರು ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಪೇಪರಿನವನ ಜೊತೆ ಜಗಳವಾಡುತ್ತಾರೆ, ಸುಮ್ಮನಿರುತ್ತಾರೆ. ಇವರು ಮನೆಯಲ್ಲಿ ಯಾರು ಯಾರು ಯಾವ ವರ್ಷ ಹುಟ್ಟಿದರೋ ಆಯಾ ವರ್ಷದ ಮುದ್ರೆಯಿರುವ ನಾಣ್ಯಗಳನ್ನು ಕೂಡಿಹಾಕಲು ಕೂತರು. ಅವರನ್ನು ನೋಡಲು ಹೋದರೆ "ಚೆನ್ನಾಗಿದೀರಾ?" ಎನ್ನುವುದಿಲ್ಲ. "ಯಾವ ಇಸವಿ?" ಎನ್ನುತ್ತಾರೆ. ಬೀಗರ ಮನೆಯ ಹೆಂಗಸರ ಮುಂದೆಯೂ ಹೀಗೇ ಕೇಳಿ, ಒಂದು ಸಂಬಂಧ ಇನ್ನೇನು ಮುರಿದು ಬೀಳುವುದರಲ್ಲಿತ್ತು.

ನಾಣ್ಯಗಳನ್ನು ಅವರು ಡಬ್ಬಿಯಲ್ಲಿ ಹಾಕಿಡುವವರಲ್ಲ. ಬಡಗಿಯಿಂದ ಒಂದು ತೇಗದ ಹಲಗೆ ಮಾಡಿಸಿ, ಅದರಲ್ಲಿ ಗುಂಡಗೆ ಗುಳಿಗಳನ್ನು ಕೊರೆಸಿ, ಒಳಗೆ ಕೆಂಪು ಮಖಮಲ್ಲು ಅಂಟಿಸಿದ್ದಾರೆ. ಪ್ರತಿ ಗುಳಿಯ ಕೆಳಗೂ ಒಂದು ಹೆಸರು. ಮೇಲಿನ ಸಾಲಿನಲ್ಲಿ ಭಾವ, ಅಂಚು ಹೂವಿನ ಎಸಳಿನಂತಿರುವ ಹಿತ್ತಾಳೆ ಬಣ್ಣದ ಒಂದಾಣೆ. ಅದೇ ಸಾಲಿನ ಕೊನೆಯಲ್ಲಿ ನಾನು, ಮೂಲೆ ಮೊಂಡಾದ ಚೌಕದ ಎರಡಾಣೆ. "ನಿನ್ನ ಹಾಗೇ ಇದೆ ನೋಡು, ತಳ್ಳಿದರೂ ಉರುಳಲ್ಲ," ಎಂದಿದ್ದರು. ಅದರ ಕೆಳಗೆ ಮಗಳ ಅಲ್ಯೂಮಿನಿಯಂ, ಅದರ ಕೆಳಗೆ ಮೊಮ್ಮಗನ ಸ್ಟೀಲಿನ ಒಂದು ರೂಪಾಯಿ. ಮೇಲಿನಿಂದ ಕೆಳಗೆ ನೋಡಿದರೆ ನಮ್ಮ ವಂಶ ಹೇಗೆ ಹಗುರವಾಗುತ್ತಾ, ಹೊಳೆಯುತ್ತಾ ಬಂತೆಂದು ತಿಳಿಯುತ್ತದೆ. ಭಾವ ಹಾಗೆ ಹೇಳುವುದಿಲ್ಲ. "ನನ್ನ ನಾಣ್ಯಕ್ಕೆ ಹೊಟ್ಟೆ ತುಂಬ ಕಡಲೆಕಾಯಿ ಬರ್ತಿತ್ತು. ಮೊಮ್ಮಗನ ನಾಣ್ಯಕ್ಕೆ ಒಂದು ಚಾಕಲೇಟು. ಮರಿಮಗನದಕ್ಕೆ ಏನೂ ಬರಲ್ಲ, ಕೊಡಕ್ಕೆ ಹೋದ್ರೆ ಅಂಗಡಿಯವನು ಮುಖ ಸಿಂಡರಿಸ್ತಾನೆ," ಎಂದು ಮಾತ್ರ ಹೇಳುತ್ತಾರೆ.

ಮರಿಮಗ ಹುಟ್ಟಿದಾಗ ಪಟ್ಟ ಪಾಡು ಬೇರೆಯೇ. ನಾಮಕರಣಕ್ಕೆ ಅದೇ ವರ್ಷದ ನಾಣ್ಯ ಬೇಕು ಎಂದು ಹಟ. ಆದರೆ ಈ ಕಾಲದಲ್ಲಿ ನಾಣ್ಯ ಎಲ್ಲಿದೆ? ನನ್ನನ್ನೂ ಕರೆದುಕೊಂಡು ಹೋಗಿ, ಎಳನೀರು ಮಾರುವವನಿಗೆ ನೋಟು ಕೊಟ್ಟು, "ಚಿಲ್ಲರೆ ನಾಣ್ಯದಲ್ಲೇ ಕೊಡಪ್ಪಾ," ಎಂದರು.

"ಸ್ಕ್ಯಾನ್ ಮಾಡಿ ಸಾರ್, ಚಿಲ್ಲರೆ ಯಾರಿಟ್ಕೊಂತಾರೆ?"

"ಸ್ಕ್ಯಾನ್ ಮಾಡಿದ್ರೆ ಇಸವಿ ಕಾಣತ್ತೇನಪ್ಪಾ?"

ಅವನು ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಬಸ್ಸಿನ ಕಂಡಕ್ಟರನ ಚರ್ಮದ ಚೀಲಕ್ಕೆ ಕನ್ನಡಕ ಇಳಿಸಿ ಇಣುಕಿದ್ದಕ್ಕೆ ಅವನು ಚೀಲವನ್ನು ಎದೆಗವಚಿಕೊಂಡು ಹಿಂದಿನ ಬಾಗಿಲಿಗೆ ಹೋದ. ಬ್ಯಾಂಕಿನ ಹುಡುಗಿ, "ಹೊಸ ಕಾಯಿನ್ ಇನ್ನೂ ಬಂದಿಲ್ಲ ಅಂಕಲ್, ಬಂದ್ರೆ ನಾವೇ ಹೇಳ್ತೀವಿ," ಎಂದು ದಿನಾ ಹೇಳಿ ಸೋತಳು. ನಾಣ್ಯ ಬರುವವರೆಗೆ ಮಗುವಿಗೆ ಹೆಸರಿಡಬೇಡಿ ಎಂದು ಭಾವ ಹೊಸ ಸಂಪ್ರದಾಯವೊಂದನ್ನು ಹುಟ್ಟುಹಾಕಲು ನೋಡಿದರು. ಮಗಳು ಗದರಿಸಿದಳು. ಮಗು ಹೆಸರು ಪಡೆಯಿತು, ಗುಳಿ ಮೂರು ತಿಂಗಳು ಖಾಲಿ ಇತ್ತು.

ಇಷ್ಟೊಂದು ಕಟ್ಟುನಿಟ್ಟು ಏಕೆ ಎನ್ನುತ್ತೀರಾ? ಭಾವ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ತೂಕದ ಕಲ್ಲುಗಳ ಮೇಲೆ ಇಲಾಖೆಯ ಮುದ್ರೆ ಇದೆಯೋ ಇಲ್ಲವೋ ಎಂದು ತಿರುಗಿಸಿ ನೋಡುವುದು ಅವರ ಕೆಲಸ. ಮದುವೆಯಾದ ಹೊಸದರಲ್ಲಿ ಮೊದಲ ದೀಪಾವಳಿಗೆ ನಮ್ಮ ಮನೆಗೆ ಬಂದರು. ಮಾಗಡಿ ರಸ್ತೆಯಲ್ಲಿ ನಮ್ಮಪ್ಪನದು ಸಣ್ಣ ದಿನಸಿ ಅಂಗಡಿ. ಎಣ್ಣೆ ಸ್ನಾನವಾಯಿತು, ಹೋಳಿಗೆ ಊಟವಾಯಿತು, ಹೊಸ ಪಂಚೆ ಉಟ್ಟು ಅಂಗಡಿಗೆ ಬಂದ ಅಳಿಯ ಸುಮ್ಮನೆ ಕೂರಬಾರದೆ? ಅರ್ಧ ಕಿಲೋ ಕಲ್ಲನ್ನು ತಿರುಗಿಸಿ ನೋಡಿದರು. ಮುದ್ರೆಯ ಅವಧಿ ಮುಗಿದಿತ್ತು. "ಮಾವ, ತಪ್ಪು ತಿಳ್ಕೋಬೇಡಿ," ಎಂದು ಹೇಳಿ ಕಲ್ಲನ್ನು ಜಪ್ತಿ ಮಾಡಿ, ತಾಂಬೂಲದ ಚೀಲದಲ್ಲೇ ಹಾಕಿಕೊಂಡು ಹೋದರು! ಅಕ್ಕ ಅವರ ಹಿಂದೆ ತಲೆ ತಗ್ಗಿಸಿಕೊಂಡು ಹೋದಳು. ನಮ್ಮಪ್ಪ ಬಾಗಿಲಲ್ಲಿ ನಿಂತು, "ಪ್ರಾಮಾಣಿಕ ಹುಡುಗ," ಎಂದರು. ಅದನ್ನು ಹೊಗಳಿಕೆ ಎಂದು ಯಾರೂ ತಿಳಿದುಕೊಳ್ಳಲಿಲ್ಲ.

ಅಂಥವರು ನಮ್ಮ ಹುಟ್ಟಿದ ವರ್ಷಗಳಿಗೆ ಕೈ ಹಾಕಿದರೆ ಏನಾಗಬೇಕು? ನಮ್ಮ ಕಾಲದಲ್ಲಿ ಹುಟ್ಟಿದ ತಾರೀಖನ್ನು ತಾಯಿ ಕೊಡುತ್ತಿರಲಿಲ್ಲ, ಶಾಲೆಗೆ ಸೇರಿಸಿಕೊಳ್ಳುವ ಮೇಷ್ಟರು ಕೊಡುತ್ತಿದ್ದರು. ಮಗುವಿಗೆ ವಯಸ್ಸು ಸಾಲದಿದ್ದರೆ ಒಂದು ವರ್ಷ ಕೂಡಿಸುತ್ತಿದ್ದರು, ಹೆಚ್ಚಾಯಿತು ಅನ್ನಿಸಿದರೆ ಕಳೆಯುತ್ತಿದ್ದರು. ನನ್ನದು ದಾಖಲೆಯಲ್ಲಿ ಐವತ್ತಮೂರು. ಆ ಇಸವಿಯಲ್ಲಿ ಭಾವನಿಗೆ ಸಿಕ್ಕಿದ್ದು ಕುದುರೆಯ ಚಿತ್ರದ ಕಾಸು ಮಾತ್ರ. ಇನ್ನೇನು ನಾನು ಕಾಸಿನ ಮನುಷ್ಯನಾಗಿ ಗುಳಿಗೆ ಬೀಳಬೇಕು, ಅಷ್ಟರಲ್ಲಿ ಅಕ್ಕ, "ಇವನು ಜಯ ಸಂವತ್ಸರದಲ್ಲಿ ಹುಟ್ಟಿದ್ದು ಕಣ್ರೀ, ನಾನೇ ತೊಟ್ಟಿಲು ತೂಗಿದೀನಿ," ಎಂದಳು. ಪಂಚಾಂಗ ತೆಗೆದು ನೋಡಿದರೆ ಐವತ್ತನಾಲ್ಕು. ಜಯ ಸಂವತ್ಸರದಲ್ಲಿ ಹುಟ್ಟಿದವನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಅದಿರಲಿ.

ಅಕ್ಕ ಹುಟ್ಟಿದ್ದು ವಿರೋಧಿ ಸಂವತ್ಸರದ ಶ್ರಾವಣದಲ್ಲಿ.

"ಅದಕ್ಕೇ ಐವತ್ತು ವರ್ಷದಿಂದ ನಾನು ಏನಂದ್ರೂ ಎದುರಾಡ್ತಾಳೆ," ಎಂದರು ಭಾವ.

"ನೀವು ಯಾವ ಸಂವತ್ಸರ ಅಂತ ನಾನು ಕೇಳಲಿಲ್ಲ," ಎಂದಳು ಅಕ್ಕ.

ವಿರೋಧಿ ಎಂದರೆ ನಲವತ್ತೊಂಬತ್ತು. ದಾಖಲೆಯಲ್ಲಿ ಮಾತ್ರ ಐವತ್ತು ಎಂದಿತ್ತು. ಐವತ್ತರ ನಾಣ್ಯ ಬೇಕಾದಷ್ಟು ಸಿಗುತ್ತದೆ, ನಲವತ್ತೊಂಬತ್ತರದು ಎಷ್ಟು ಹುಡುಕಿದರೂ ಇಲ್ಲ. "ಐವತ್ತರದ್ದೇ ಇಟ್ಬಿಡಿ ಅತ್ಲಾಗೆ," ಎಂದು ನಾನು ಹೇಳಿದೆ. ಭಾವ ನನ್ನನ್ನು ಕಳ್ಳ ತಕ್ಕಡಿಯಂತೆ ನೋಡಿ, "ಸುಳ್ಳು ಇಸವಿ ನನ್ನ ಹಲಗೆ ಮೇಲೆ ಬರಲ್ಲ," ಎಂದರು. ಹೀಗೆ ಹಲಗೆಯ ಮೇಲಿನ ಸಾಲಿನಲ್ಲಿ, ಗಂಡನ ಪಕ್ಕದಲ್ಲೇ, ಅಕ್ಕನ ಗುಳಿಯೊಂದು ಖಾಲಿ ಉಳಿಯಿತು.

ಮೊದಮೊದಲು ಅಕ್ಕ ನಗುತ್ತಿದ್ದಳು. ಒಂದು ದಿನ ಆ ಗುಳಿಯಲ್ಲಿ ಅಂಗಿಯ ಗುಂಡಿಯೊಂದನ್ನು ಇಟ್ಟಳು. ಭಾವ ತೆಗೆದಿಟ್ಟರು. ಆದರೆ ಬಂದವರೆಲ್ಲ ಹಲಗೆ ನೋಡಿ, "ಎಲ್ಲಾರದ್ದೂ ಇದೆ, ದೊಡ್ಡಮ್ಮ, ನಿಮ್ದೆಲ್ಲಿ?" ಎಂದು ಕೇಳುವುದು ತಪ್ಪಲಿಲ್ಲ. ಕೆಳಗಿನ ಬಾಡಿಗೆಯವರ ಮಗುವಿನ ಹೆಸರಿಗೂ ಮೂಲೆಯಲ್ಲಿ ಒಂದು ಐದು ರೂಪಾಯಿ ಬಂತು. ಅವತ್ತು ನಾನು ಅಲ್ಲಿದ್ದೆ. ಅಕ್ಕ ಕಾಫಿ ಲೋಟ ನನ್ನ ಮುಂದಿಟ್ಟು, ಹಲಗೆಯ ಕಡೆ ನೋಡದೆ, "ನಾನು ಈ ಮನೆಗೆ ಬಂದಿದ್ದೇ ಲೆಕ್ಕಕ್ಕಿಲ್ಲ ಕಣೋ," ಎಂದಳು. ನಗುತ್ತಲೇ ಹೇಳಿದಳು. ಆ ನಗು ನನಗೆ ಹಿಡಿಸಲಿಲ್ಲ.

ಇನ್ನು ನನ್ನ ತಪ್ಪು. ಬರೆಯಲು ಕೂತದ್ದೇ ಇದಕ್ಕೆ, ಇಷ್ಟು ಹೊತ್ತು ಭಾವನ ಬೆನ್ನ ಹಿಂದೆ ಅಡಗಿ ಕೂತಿದ್ದೆ.

ನಾನು ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವನು. ಕೂದಲೆಳೆಯಷ್ಟು ಲೋಹ ಕೆರೆಯುವುದು, ಸೂಜಿಮೊನೆಯಷ್ಟು ಲೋಹ ಕೂಡಿಸುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ. ಲಗ್ಗೆರೆಯಲ್ಲಿ ನಮ್ಮ ಮನೆಯ ಮೆಟ್ಟಿಲ ಕೆಳಗೆ ಇಂದಿಗೂ ಲೋಹ ಕಚ್ಚಿ ಹಿಡಿಯುವ ಒಂದು ವೈಸು, ಉಜ್ಜುವ ನಾಲ್ಕು ಅರ ಇವೆ. ಹಳೆ ನಾಣ್ಯ ಮಾರುವವನಿಂದ ನಲವತ್ತೇಳರ ಕಾಲು ರೂಪಾಯಿ ತಂದೆ. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಹುಲಿ. ಏಳು ಎಂಬ ಅಂಕಿಗೆ ಮುಂದುಗಡೆ ಒಂದು ಹೊಟ್ಟೆ ಕೊಟ್ಟರೆ ಒಂಬತ್ತಲ್ಲವೆ? ಒಂದು ಚುಕ್ಕಿ ಬೆಸುಗೆ ಹಾಕಿದೆ, ಕೆರೆದೆ, ನಯ ಮಾಡಿದೆ, ದೀಪದ ಮಸಿ ಉಜ್ಜಿ ಹಳೆಯದು ಮಾಡಿದೆ. ನಲವತ್ತು ವರ್ಷದ ಕೆಲಸದಲ್ಲಿ ಇಷ್ಟು ಖುಷಿಯಿಂದ ಏನನ್ನೂ ಮಾಡಿರಲಿಲ್ಲ. ಪಾಪದ ಕೆಲಸಕ್ಕೆ ಕೈ ಎಷ್ಟು ಚೆನ್ನಾಗಿ ಓಡುತ್ತದೆ!

ಭಾನುವಾರ ಬಸವೇಶ್ವರನಗರಕ್ಕೆ ಹೋಗಿ, "ಸಿಕ್ತು ಭಾವ, ಹುಲಿ ಇರೋದು," ಎಂದು ಕೊಟ್ಟೆ. ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದಳು. ಭಾವ ಭೂತಗನ್ನಡಿ ತೆಗೆದು ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ನಾಣ್ಯವನ್ನು ಗುಳಿಯಲ್ಲಿ ಕೂರಿಸಿದರು. ಅಕ್ಕ ಬೆರಳಿನಿಂದ ಅದನ್ನು ಸವರಿ, "ನನ್ನ ಕಣ್ಣಿಗೆ ಎಲ್ಲಾ ಮಂಜು. ಹುಲಿ ಇದೆ ಅಂದ್ಯಲ್ಲ, ಹೌದೇನೋ?" ಎಂದಳು. "ಹೌದಕ್ಕ, ಹುಲಿ," ಎಂದೆ. "ನೋಡಿದ್ರೇನ್ರೀ, ನಿಮ್ಮದು ಬರೀ ಅಂಕಿ, ನನ್ನದು ಹುಲಿ," ಎಂದು ಗಂಡನಿಗೆ ಹೇಳಿದಳು. ಆ ವಾರವೆಲ್ಲ ಬಂದವರಿಗೆಲ್ಲ ತೋರಿಸಿದಳಂತೆ.

ಖುಷಿ ನನಗೆ ಒಂದೇ ರಾತ್ರಿ ಇತ್ತು. ಮಾವನ ಅಂಗಡಿಯ ಕಲ್ಲನ್ನೇ ಬಿಡದ ಮನುಷ್ಯನ ಹಲಗೆಯಲ್ಲಿ ಕಳ್ಳ ನಾಣ್ಯ ಕೂರಿಸಿಬಂದೆನಲ್ಲ ಎಂಬುದು ಊಟ ಮಾಡುವಾಗ, ಬಸ್ಸಿನಲ್ಲಿ, ದೇವರ ಮುಂದೆ ನಿಂತಾಗ ಕೊರೆಯತೊಡಗಿತು. ಅಕ್ಕನ ಮನೆಯ ಕಡೆ ಹೋಗುವುದನ್ನೇ ಬಿಟ್ಟೆ. ಫೋನು ಬಂದರೆ ನೆಗಡಿ ಎನ್ನುತ್ತಿದ್ದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಭಾವನೇ ಲಗ್ಗೆರೆಗೆ ಬಂದರು. ಒಬ್ಬರೇ, ಎರಡು ಬಸ್ಸು ಬದಲಾಯಿಸಿ. ಅವರನ್ನು ಬಾಗಿಲಲ್ಲಿ ಕಂಡದ್ದೇ ನಾನು ಬಾಯಿಬಿಟ್ಟೆ.

"ಭಾವ, ನಾನೊಂದು ತಪ್ಪು ಮಾಡ್ಬಿಟ್ಟಿದೀನಿ..."

"ಗೊತ್ತು. ಬಾಲ ನೆಟ್ಟಗಿದೆ."

"ಏನು?"

"ಒಂಬತ್ತರ ಬಾಲ ಕಣಯ್ಯಾ. ಆ ಇಸವಿಯಲ್ಲಿ ಎರಡು ಒಂಬತ್ತು ಬರತ್ತೆ. ಮೊದಲನೇದು ಟಂಕಸಾಲೆಯವರದ್ದು, ಬಾಲ ಒಳಕ್ಕೆ ಬಾಗಿದೆ. ಎರಡನೇದು ನಿಂದು, ಊರುಗೋಲು ನಿಲ್ಲಿಸಿದ ಹಾಗಿದೆ. ಏಳರ ಕಾಲನ್ನ ಹಾಗೇ ಬಿಟ್ಟಿದೀಯ. ಟೂಲ್‌ರೂಮಲ್ಲಿ ಇದನ್ನೇ ಕಲಿತಿದ್ದಾ?"

ಭಾವ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಂಡರು.

"ಆ ವರ್ಷದ್ದು ನಾಣ್ಯಾನೇ ಇಲ್ಲ ಕಣೋ. ಬ್ರಿಟಿಷರದ್ದು ನಿಂತಿತ್ತು, ನಮ್ಮದು ಇನ್ನೂ ಶುರುವಾಗಿರಲಿಲ್ಲ. ಹಳೆ ನಾಣ್ಯದವನು ಯಾವತ್ತೋ ಹೇಳಿದ್ದ. ನಾನೇ ಅವಳಿಗೆ ಹೇಳಲಿಲ್ಲ. ಹುಡುಕ್ತಾ ಇದೀನಿ, ಹುಡುಕ್ತಾ ಇದೀನಿ ಅಂತ ಸುಳ್ಳು ಹೇಳ್ಕೊಂಡೇ ಬಂದೆ."

ಭಾವನ ಬಾಯಲ್ಲಿ ಸುಳ್ಳು ಎಂಬ ಮಾತು, ಅದೂ ಸ್ವಂತಕ್ಕೆ! ನಾನು, "ತೆಗೆದುಬಿಡಿ ಭಾವ. ಅಕ್ಕನಿಗೆ ನಾನೇ ಬಂದು ಹೇಳ್ತೀನಿ," ಎಂದೆ.

ಅವರು ಅಂಗಿಯ ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ಇನ್ನೊಂದು ಕಾಲು ರೂಪಾಯಿ ಇತ್ತು. ನಲವತ್ತೇಳರದು, ಹುಲಿಯದು.

"ಬುಧವಾರ ಅವಳ ಕಣ್ಣಿನ ಪರೆ ತೆಗೀತಾರೆ," ಎಂದರು. "ಪಟ್ಟಿ ಬಿಚ್ಚಿದ ಮೇಲೆ ಮೊದಲು ಆ ನಾಣ್ಯಾನೇ ನೋಡ್ತೀನಿ ಅಂತ ಈಗಲೇ ಎಲ್ಲಾರಿಗೂ ಹೇಳ್ಕೊಂಡು ಓಡಾಡ್ತಾ ಇದಾಳೆ. ಸರಿಯಾಗಿ ಮಾಡು. ಬಾಲ ಬಾಗಿರಲಿ."

"ಭಾವ, ಇದು ಸುಳ್ಳು ನಾಣ್ಯ."

"ಅವಳು ಆ ವರ್ಷ ಹುಟ್ಟಿದ್ದು ನಿಜ ತಾನೇ?"

ನಾನು ನಾಣ್ಯವನ್ನು ವೈಸಿಗೆ ಕಚ್ಚಿಸಿದೆ. ಮೆಟ್ಟಿಲ ಕೆಳಗೆ ಬೆಳಕು ಸಾಲದು. ಭಾವ ನನ್ನ ಟಾರ್ಚು ತೆಗೆದುಕೊಂಡು, ಬಗ್ಗಲಾರದೆ ಬಗ್ಗಿ, ಏಳರ ಮೇಲೆ ಬೆಳಕು ಹಿಡಿದರು. ಬೆಳಕು ನಾಣ್ಯದ ತುಂಬ ಕುಣಿಯುತ್ತಿತ್ತು.

"ಅಲ್ಲಾಡಿಸಬೇಡಿ ಭಾವ."

"ನಾನೆಲ್ಲಿ ಅಲ್ಲಾಡಿಸ್ತಾ ಇದೀನಿ?" ಎಂದು ಗದರಿಸಿ, ಇನ್ನೊಂದು ಕೈಯಿಂದ ಟಾರ್ಚಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.