ತವರುಲೋಟದ ಜಲದಿವ್ಯ

ಎಲೆಯ ಮುಂದೆ ಕುಳಿತು ಪಾಯಸದ ಹಾದಿ ಕಾಯುತ್ತಿರುವ ಬಂಧುಜನರಿರಾ, ಆಲಿಸಿರಿ. ಒಂದೇ ಒಂದು ಲೋಟ ಮುಳುಗಿದ ರಭಸಕ್ಕೆ ಉಕ್ಕಿದ ಜಲರಾಶಿ ತುಮಕೂರಿನ ಏಳು ಬಡಾವಣೆಗಳನ್ನು ನುಂಗಿ, ಪುರಜನರು ಬಾಣಲೆಗಳಲ್ಲಿ ಕುಳಿತು ಸಂತೆಗೆ ತೇಲಿಹೋದ ಆ ಮಹಾಮಂಗಳವಾರವನ್ನು ಹೇಗೆ ಬಣ್ಣಿಸಲಿ? ಆ ಪ್ರಳಯಕ್ಕೆ ಕಾರಣಪುರುಷನಾದ, ತುಲಾದಂಡಧ್ವಜನೂ ಅಳತೆಜಾಡಿಹಸ್ತನೂ ಆದ, ಮೂವತ್ನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರಗರ್ಜನೆ ಮಾಡಿ ನಿವೃತ್ತನಾದ ಸಾಂದ್ರಸೇನನನ್ನು ಯಾವ ನಾಲಗೆಯಿಂದ ಹೊಗಳಲಿ?

ಆತನ ಪಟ್ಟದರಸಿ ಮಂಗಳಾದೇವಿ. ಮದುವೆಯಲ್ಲಿ ತನ್ನ ತಂದೆ ಕೊಟ್ಟ ಲೋಟ ಅಪ್ಪಟ ಬೆಳ್ಳಿಯದೆಂದು ಆಕೆ. ಜರ್ಮನ್ ಸಿಲ್ವರಿನದೆಂದು ಆತ. ಈ ವೈರದಲ್ಲಿ ಮೂವತ್ತೊಂದು ಯುಗಾದಿಗಳ ಬೆಲ್ಲವೂ ಬೇವಾಗಿತ್ತು. ಈಗ ಮೊಮ್ಮಗಳ ನಾಮಕರಣಕ್ಕೆ ಆ ಲೋಟವನ್ನೇ ಕೊಡುವೆನೆಂದು ಆಕೆ ಹೊರಟರೆ, ಖೋಟಾ ಲೋಹವನ್ನು ಕೂಸಿನ ಕೈಗೆ ಕೊಡಗೊಡೆನೆಂದು ಆತ ಅಡ್ಡನಿಂತ. ತೀರಿಹೋದ ಅಪ್ಪ ಇನ್ನೂ ಸುಳ್ಳುಗಾರನೆನಿಸಿಕೊಳ್ಳುವುದು ಆಕೆಗೆ ಸಾಕಾಗಿತ್ತು.

"ಅಳೆದೇ ಬಿಡಿ," ಎಂದಳು. "ಸೋತೋರು ನಾಮಕರಣದ ಪಂಕ್ತೀಲಿ ಎಲ್ಲರ ಎದುರಿಗೆ ಒಪ್ಕೋಬೇಕು."

ಸಾಂದ್ರಸೇನನು ಮೀಸೆ ತಿರುವಿದನು. "ಎಲೌ ರಮಣೀಮಣಿ, ರಾಶಿಯನ್ನು ಗಾತ್ರದಿಂದ ಭಾಗಿಸಿದೊಡನೆ ಲೋಹವು ತನ್ನ ಕುಲಗೋತ್ರವನ್ನು ತಾನೇ ಒದರುವುದು. ಬೆಳ್ಳಿಯಾದರೆ ಹತ್ತೂವರೆ, ಜರ್ಮನ್ ಸಿಲ್ವರಾದರೆ ಎಂಟೂವರೆ. ನನ್ನ ಭಾಗಾಕಾರಕ್ಕೆ ಬೆದರದ ಧಾತು ಭೂಮಂಡಲದಲ್ಲಿಲ್ಲ."

ಈಗಷ್ಟೇ ನೆಲ ಒರೆಸಿದ್ದೇನೆ, ಚೆಲ್ಲಬೇಡಿ ಎಂದಷ್ಟೇ ದೇವಿ ಹೇಳಿದಳು.

ತಕ್ಕಡಿ ಇನ್ನೂರ ಹತ್ತು ಗ್ರಾಂ ಎಂದು ಸಾರಿತು. ಬಳಿಕ ಆ ಮಹಾರಥನು ಅಂಚಿನವರೆಗೂ ನೀರು ತುಂಬಿದ ಪಾತ್ರೆಯನ್ನು ತಾಟಿನ ಮೇಲಿರಿಸಿ, ದಿಗ್ಗಜಗಳು ಕಿವಿ ಮುಚ್ಚಿಕೊಳ್ಳುವಂತೆ ಹೂಂಕರಿಸಿ, ಲೋಟವನ್ನು ಎರಡೇ ಬೆರಳುಗಳಿಂದ ಪಾತಾಳಕ್ಕೆ ಅದುಮಿದನು. ತಾಟಿಗೆ ಉಕ್ಕಿದ ನೀರನ್ನು ಅಳತೆಜಾಡಿಗೆ ಸುರಿದರೆ ನೂರ ಅರವತ್ತೆಂಟು ಮಿಲಿಲೀಟರ್. ಭಾಗಿಸಿದ. ಒಂದೂಕಾಲು.

ಬೆಳ್ಳಿಯಿರಲಿ, ಇದು ಅಲ್ಯುಮಿನಿಯಂ ಆಗುವ ಯೋಗ್ಯತೆಯೂ ಇಲ್ಲದ ಲೋಹವೆಂದು ಆತ ಗರ್ಜಿಸಿದನು.

"ಅಂಗಳದ ಜಲ್ಲಿಗಿಂತ್ಲೂ ಹಗುರಾನೇನ್ರೀ ನಮ್ಮಪ್ಪನ ಲೋಟ?" ಎನ್ನುತ್ತ ದೇವಿ ಬಗ್ಗಿ ಪಾತ್ರೆಯೊಳಗೆ ಇಣುಕಿದಳು. ಆಮೇಲೆ ಮೆಲ್ಲಗೆ, "ಬೋರಲು ಹಾಕಿದೀರಲ್ರೀ."

ತೊಳೆದ ಲೋಟವನ್ನು ಬೋರಲು ಹಾಕದಿದ್ದರೆ ಆ ಮನೆಯಲ್ಲಿ ಕಾಫಿ ಸಿಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಪಳಗಿದ ಆ ಕೈ, ಭೌತಶಾಸ್ತ್ರವನ್ನು ಒಂದು ಮಾತೂ ಕೇಳದೆ, ಲೋಟವನ್ನು ಬಾಯಿ ಕೆಳಗಾಗಿಯೇ ಇಳಿಸಿತ್ತು. ಒಳಗೆ ಸಿಕ್ಕಿದ್ದ ಗಾಳಿಯನ್ನೂ ಮೇಷ್ಟ್ರು ಲೋಹವೆಂದೇ ಅಳೆದಿದ್ದರು. ಆಕೆ ಲೋಟವನ್ನು ಓರೆ ಮಾಡಿದಳು, ಗುಳುಗುಳು ಗುಳ್ಳೆಗಳೆದ್ದವು. ಮತ್ತೆ ನೀರು ತುಂಬಿ, ಬಾಯಿ ಮೇಲಾಗಿ ಮುಳುಗಿಸಿದರೆ ಉಕ್ಕಿದ್ದು ಇಪ್ಪತ್ತೇ ಮಿಲಿಲೀಟರ್. ಇನ್ನೂರ ಹತ್ತು ಭಾಗಿಸು ಇಪ್ಪತ್ತು.

ಆಗ ಸಾಂದ್ರಸೇನನು ವೀರೋಚಿತ ಮಂದಹಾಸವನ್ನು ಬೀರಿ, ಮಡದಿಯ ಪಿತೃಭಕ್ತಿಯನ್ನು ಪರೀಕ್ಷಿಸಲೆಂದೇ ತಾನು ಈ ಲೀಲೆಯನ್ನು...

ಪಾಯಸದ ಸೌಟು ಹಿಡಿದು ಮಂಗಳಾ ಎದುರಿಗೇ ಬಂದು ನಿಂತಿದ್ದಾಳೆ.

"ಲೀಲೆ ಸಾಕು. ಆ ಸಾಂದ್ರಸೇನ ಯಾರು ಅಂತ ಹೇಳಿ. ಆಮೇಲೆ ಪಾಯಸ."

ನಾನೇ. ಯಾವ ಬಡಾವಣೆಯೂ ಮುಳುಗಲಿಲ್ಲ. ಅಡುಗೆಮನೆಯ ನೆಲ ಅಂಗೈಯಗಲ ಒದ್ದೆಯಾಯಿತು, ಒರೆಸಿದವನೂ ನಾನೇ. ಲೋಟ ಬೆಳ್ಳಿಯದು. ಮಾವನವರು ನಿಜ ಹೇಳಿದ್ದರು.