ಇಲ್ಲದ ಗಂಟೆಯಲ್ಲಿ ಕೊಟ್ಟ ಮಾತ್ರೆ

ಧೈರ್ಯ ಹೇಳುವುದು ನನ್ನ ಹುಟ್ಟುಗುಣ. ಗ್ಯಾಸ್ ಆಫ್ ಮಾಡಿದೆಯಾ ಅಂದರೆ ಮಾಡಿದೆ, ಬಾಗಿಲು ಹಾಕಿದೆಯಾ ಅಂದರೆ ಹಾಕಿದೆ. ಆಮೇಲೆ ಪುರುಸೊತ್ತಾದಾಗ ಹೋಗಿ ನೋಡುತ್ತೇನೆ. ಅಪ್ಪ ಹಾಸಿಗೆ ಹಿಡಿದಿದ್ದಾಗ ಮಧ್ಯಾಹ್ನದ ಮಾತ್ರೆ ಕೊಡುವ ಕೆಲಸ ನನ್ನದಾಗಿತ್ತು. ಅಡುಗೆಮನೆಯಿಂದ ಅಮ್ಮ "ಕೊಟ್ಯೇನೋ?" ಎಂದರೆ ಪತ್ರಿಕೆಯ ಹಿಂದಿನಿಂದಲೇ "ಕೊಟ್ಟೆ ಕಣಮ್ಮ" ಎನ್ನುತ್ತಿದ್ದೆ. ಪದಬಂಧ ಮುಗಿದ ಮೇಲೆ ಕೊಡುತ್ತಲೂ ಇದ್ದೆ. ಮರೆತದ್ದೂ ಉಂಟು. ಅಪ್ಪ ಹೋದದ್ದು ಅದರಿಂದಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ಇಂಥವನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಆಸ್ಪತ್ರೆಯಲ್ಲಿ ಯಾವ ರೋಗಿಗೆ ಎಷ್ಟು ಹೊತ್ತಿಗೆ ಮಾತ್ರೆ ಕೊಟ್ಟರು ಎಂದು ಬರೆದಿಡುವ ಸಾಫ್ಟ್‌ವೇರ್ ನಮ್ಮದು. ಆ ದೇಶದವರು ವರ್ಷಕ್ಕೊಮ್ಮೆ, ಒಂದು ಭಾನುವಾರದ ಬೆಳಗಿನ ಜಾವ, ಎರಡು ಗಂಟೆ ಆಗಬೇಕಾದಲ್ಲಿ ಗಡಿಯಾರವನ್ನು ನೇರ ಮೂರಕ್ಕೆ ತಳ್ಳುತ್ತಾರೆ. ಎರಡು ಸಾವಿರದ ಏಳರಲ್ಲಿ ಆ ಭಾನುವಾರವನ್ನೇ ಮೂರು ವಾರ ಮುಂಚೆ ತಂದುಬಿಟ್ಟರು. ನಮ್ಮ ಮ್ಯಾನೇಜರ್ ಸದಾಶಿವಪ್ಪನವರು ನಿದ್ದೆಗೆಟ್ಟರು. "ರೆಡಿ ಇದ್ದೀವೇನ್ರೀ? ಎರಡು ಮೂರರ ಮಧ್ಯೆ ಆಸ್ಪತ್ರೆ ಪಟ್ಟೀಲಿ ಒಂದು ಸಾಲು ಬಿದ್ರೂ ಕಾಂಟ್ರಾಕ್ಟ್ ಹೋಯ್ತು ಕಣ್ರೀ." ನಾನು "ನೂರಕ್ಕೆ ನೂರು ರೆಡಿ ಸರ್" ಎಂದು ಬರೆದು ಸಹಿ ಹಾಕಿ ಕೊಟ್ಟೆ. ಕಂಪ್ಯೂಟರುಗಳನ್ನು ಪರೀಕ್ಷಿಸಲು ಹೋದದ್ದು ಆಮೇಲೆ.

ಅವರ ಎರಡು ಗಂಟೆ ಎಂದರೆ ನಮಗೆ ಮಧ್ಯಾಹ್ನ ಹನ್ನೆರಡೂವರೆ. ಹೊರಡುವಾಗ ಅಮ್ಮ ಕ್ಯಾಲೆಂಡರ್ ನೋಡಿದಳು. "ಭಾನುವಾರ ಹನ್ನೆರಡರಿಂದ ಒಂದೂವರೆ ಯಮಗಂಡ ಕಾಲ ಕಣೋ. ಒಂದು ಗಂಟೇನೇ ನುಂಗ್ಬುಡ್ತಾರೆ ಅಂತೀಯ. ಆ ಹೊತ್ತಲ್ಲಿ ಸಾಯ್ಬೇಕಾದೋರು ಎಲ್ಲಿಗೆ ಹೋಗ್ತಾರೆ? ಇರ್ಲಿ, ಬರ್ತಾ ನನ್ನ ಬಿ.ಪಿ. ಮಾತ್ರೆ ತಂದ್ಬುಡು, ಮುಗ್ದೋಗಿದೆ." ನಾನು ನಕ್ಕೆ. ಕುವೆಂಪುನಗರ ದಾಟುವ ತನಕ ಸ್ಕೂಟರಿನ ಮೇಲೆ ನಗುತ್ತಲೇ ಇದ್ದೆ.

ಆಫೀಸಿನಲ್ಲಿ ನಾನು, ಸದಾಶಿವಪ್ಪನವರು ಇಬ್ಬರೇ. ಹೊರಗೆ ಸುಡುಬಿಸಿಲು, ಒಳಗೆ ಸಾಲು ಸಾಲು ಖಾಲಿ ಕುರ್ಚಿ. ಸ್ಕ್ರೀನಿನ ಗಡಿಯಾರ ಒಂದು ಐವತ್ತೊಂಬತ್ತರಿಂದ ಮೂರಕ್ಕೆ ಹಾರಿತು. ಒಂದು ಸಣ್ಣ ಸದ್ದೂ ಆಗಲಿಲ್ಲ. ಅಷ್ಟು ದೊಡ್ಡ ದೇಶದ ಒಂದು ಗಂಟೆ ಹೋಗುವಾಗ ಒಂದು ಸದ್ದಾದರೂ ಆಗಬೇಕಿತ್ತು ಎನಿಸಿತು. ಸದಾಶಿವಪ್ಪನವರು ನಿಟ್ಟುಸಿರು ಬಿಟ್ಟು, ಎಲ್ಲ ಸುಸೂತ್ರ ಎಂದು ಅಮೆರಿಕಕ್ಕೆ ಮೇಲ್ ಬರೆಯಲು ಕೂತರು. ಹನ್ನೆರಡು ನಲವತ್ತಕ್ಕೆ, ಯಾರೂ ಕೀಲಿ ಮುಟ್ಟದೆ, ಸ್ಕ್ರೀನಿನ ಮೇಲೆ ಒಂದು ಸಾಲು ಮೂಡಿತು.

"ನಂಜುಂಡಯ್ಯ. ಮಾತ್ರೆ ಕೊಡಲಾಗಿದೆ. 2:10."

ನಂಜುಂಡಯ್ಯ ಎಂದರೆ ನಮ್ಮಪ್ಪ. ತೀರಿಕೊಂಡು ಎರಡು ವರ್ಷವಾಗಿತ್ತು.

"ಯಾರ್ರೀ ಇವ್ರು, ಅಮೆರಿಕದಲ್ಲಿ ನಂಜುಂಡಯ್ಯ?" ಎಂದರು ಸದಾಶಿವಪ್ಪ. ನನ್ನ ಹಿಂದಿನ ಕುರ್ಚಿಯಲ್ಲಿ ಯಾರೋ ಕೂತಿದ್ದಾರೆ ಎನಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಐದು ನಿಮಿಷದ ಮೇಲೆ ನೆನಪಾಯಿತು. ಸಾಫ್ಟ್‌ವೇರ್ ಪರೀಕ್ಷೆಗೆ ಸುಳ್ಳು ರೋಗಿಗಳು ಬೇಕಲ್ಲ, ನಾವೆಲ್ಲ ಮನೆಯವರ ಹೆಸರನ್ನೇ ಹಾಕುತ್ತಿದ್ದೆವು. ಪಕ್ಕದ ಮೇಜಿನ ಗೆಳೆಯ ಅತ್ತೆಯನ್ನು ಮೂರು ವರ್ಷದಿಂದ ಐ.ಸಿ.ಯು.ನಲ್ಲೇ ಇಟ್ಟಿದ್ದ. ದಿನವೂ ಅವರ ಎರಡು ಹತ್ತಕ್ಕೆ ಅಪ್ಪನಿಗೆ ಮಾತ್ರೆ ಕೊಟ್ಟಂತೆ ತಾನೇ ಬರೆದುಕೊಳ್ಳುವ ಪುಟ್ಟ ಪ್ರೋಗ್ರಾಮನ್ನು ನಾನು ನನ್ನ ಕಂಪ್ಯೂಟರಿಗೆ ಹಾಕಿ ಮರೆತಿದ್ದೆ. ಎಲ್ಲರ ಕಂಪ್ಯೂಟರನ್ನೂ ಹೊಸ ಸಮಯಕ್ಕೆ ಸಿದ್ಧ ಮಾಡಿದ್ದವನು ನನ್ನದೊಂದನ್ನು ಬಿಟ್ಟಿದ್ದೆ; ಅದರ ಗಡಿಯಾರದಲ್ಲಿ ಎರಡು ಗಂಟೆ ಹಾಗೇ ಇತ್ತು. ಪುಣ್ಯಕ್ಕೆ ಆ ಸಾಲು ಆಸ್ಪತ್ರೆಯ ಪಟ್ಟಿಗೆ ಹೋಗದೆ ನಮ್ಮ ಪರೀಕ್ಷೆಯ ಪಟ್ಟಿಯಲ್ಲೇ ಉಳಿದಿತ್ತು.

ದೆವ್ವದ ಭಯ ಹೋಯಿತು, ಆದರೆ ಮೈ ಬೆಚ್ಚಗಾಗಲಿಲ್ಲ. ಇಲ್ಲದ ಗಂಟೆಯಲ್ಲಿ ಕೊಟ್ಟ ಮಾತ್ರೆ. ಅಪ್ಪನಿಗೆ ಅಂಥವನ್ನು ನಾನು ಎಷ್ಟು ಕೊಟ್ಟಿದ್ದೆನೋ.

"ಹಂಗಾದ್ರೆ ರೆಡಿ ತಾನೇ? ಮೇಲ್ ಕಳಿಸ್ಲಾ?" ಎಂದರು ನನ್ನಿಂದ ವಿಷಯ ತಿಳಿದ ಸದಾಶಿವಪ್ಪ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಇರಿ ಸರ್, ಒಂದ್ಸಲ ನೋಡಿ ಹೇಳ್ತೀನಿ" ಎಂದೆ. ಈ ಮಾತನ್ನು ಅವರು ನನ್ನ ಬಾಯಿಂದ ಕೇಳಿದ್ದು ಅದೇ ಮೊದಲು. ನಂಜುಂಡಯ್ಯನಿಗೂ ಬೆದರದವರು ಅದಕ್ಕೆ ಬೆದರಿ ನೀರು ಕುಡಿದರು. ಒಂದೊಂದೇ ನೋಡಿದೆ. ಎಲ್ಲ ಸರಿಯಿತ್ತು. ಮೇಲ್ ಹೋಗುವಾಗ ಮೂರು ಗಂಟೆ, ನಮ್ಮ ನಿಜವಾದ ಮೂರು.

ಇನ್ನು ಮುಂದೆ ನೋಡದೆ ಏನನ್ನೂ ಹೇಳಬಾರದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡುತ್ತಾ ಮನೆಗೆ ಬಂದೆ. ಸ್ಕೂಟರ್ ನಿಲ್ಲಿಸುತ್ತಿದ್ದಂತೆ ಒಳಗಿನಿಂದ ಅಮ್ಮನ ದನಿ: "ಮಾತ್ರೆ ತಂದ್ಯೇನೋ?"

"ತಂದೆ ಕಣಮ್ಮ" ಎಂದೆ.

ಆಮೇಲೆ ಜೇಬಿಗೆ ಕೈ ಹಾಕಿದೆ. ಕರ್ಚೀಫು ಇತ್ತು. ಅಮ್ಮ ನೀರಿನ ಲೋಟ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ, ಸದ್ದಾಗದಂತೆ ಸ್ಕೂಟರ್ ತಳ್ಳಿಕೊಂಡು ಬೀದಿಯ ತಿರುವಿಗೆ ಬಂದಿದ್ದೆ.