ನಾಲ್ಕುನೂರ ಇಪ್ಪತ್ತೆಂಟು ಕೊಡಪಾನ

2003ನೇ ಇಸವಿ ಏಪ್ರಿಲ್ 2, ಬುಧವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಬಸ್ರೂರಿನ ತಮ್ಮ ಮನೆಯ ಬಾವಿಕಟ್ಟೆಯ ಬಳಿ ವೈಕುಂಠ ಉಪಾಧ್ಯರು ಎಡಗಾಲಿನ ಮೇಲೆ ಕೊಕ್ಕರೆಯ ಹಾಗೆ ನಿಂತು, ಕೊಡಪಾನದ ಹಗ್ಗ ಹಿಡಿದು, ಮಹಾಪ್ರತಿಜ್ಞೆಯೊಂದನ್ನು ಮಾಡುತ್ತಿದ್ದರು. ಸೈಕಲ್ಲು ತಮ್ಮನ್ನು ಆರು ವಾರ ಬಿಟ್ಟಿರಬಹುದು. ವ್ಯಾಯಾಮ ಆರು ನಿಮಿಷವೂ ಬಿಟ್ಟಿರಕೂಡದು!

ವೈಕುಂಠರು ಕುಂದಾಪುರದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರು. ಇಪ್ಪತ್ತೆರಡು ವರ್ಷಗಳಿಂದ ಹೋಗುವಾಗ ಆರೂವರೆ ಕಿಲೋಮೀಟರು, ಬರುವಾಗ ಆರೂವರೆ, ಸೈಕಲ್ಲಿನಲ್ಲೇ. ಅಷ್ಟು ವರ್ಷವೂ ತೂಕ ಅರವತ್ತೊಂದು ಕಿಲೋ. ಅದರಾಚೆ ಈಚೆ ಒಂದು ಕಿಲೋ ಸರಿದದ್ದಿಲ್ಲ. ಮಾರ್ಚ್ 29ರ ಶನಿವಾರ ಸಂಜೆ ರಸ್ತೆಗೆ ಅಡ್ಡ ಬಂದ ಹೇಂಟೆಯೊಂದನ್ನು ಉಳಿಸಲು ಹೋಗಿ ಜಲ್ಲಿರಾಶಿಯ ಮೇಲೆ ಬಿದ್ದರು. ಹೇಂಟೆಗೆ ಏನೂ ಆಗಲಿಲ್ಲ. ಉಪಾಧ್ಯರ ಬಲಮೊಣಕಾಲು ಹಲಸಿನಕಾಯಿಯಷ್ಟಾಯಿತು. ಮೂರು ವಾರ ದೂರ ನಡೆಯಬಾರದು, ಆರು ವಾರ ಸೈಕಲ್ ಹತ್ತಬಾರದು, ಕೈಕೆಲಸಕ್ಕೆ ಮಾತ್ರ ಅಡ್ಡಿಯಿಲ್ಲ ಎಂದರು ಡಾಕ್ಟರು. ಹೆಂಡತಿ ಗೋಮತಿಗೆ ಮೊದಲಿನ ಎರಡು ಮಾತು ಕೇಳಿಸಿದವು. ವೈಕುಂಠರಿಗೆ ಮೂರನೆಯದು ಸಾಕಾಯಿತು.

ಲೆಕ್ಕ ಸರಳವಾಗಿತ್ತು. ಹದಿಮೂರು ಕಿಲೋಮೀಟರು ಸೈಕಲ್ ತುಳಿದರೆ ಸುಮಾರು ಮುನ್ನೂರು ಕ್ಯಾಲೊರಿ ಖರ್ಚು. ಹತ್ತು ಲೀಟರಿನ ಕೊಡಪಾನವನ್ನು ಇಪ್ಪತ್ತು ಅಡಿ ಆಳದಿಂದ ಮೇಲೆತ್ತಿದರೆ ದೇಹಕ್ಕೆ ತಗಲುವುದು ಶೂನ್ಯ ಬಿಂದು ಏಳು ಕ್ಯಾಲೊರಿ. ರಾಟೆಯ ಘರ್ಷಣೆಯನ್ನೂ ಹಗ್ಗದ ತೂಕವನ್ನೂ ಉದಾರವಾಗಿ ಬಿಟ್ಟುಕೊಟ್ಟು ಭಾಗಿಸಿದಾಗ ಬಂದ ಉತ್ತರ ನಾಲ್ಕುನೂರ ಇಪ್ಪತ್ತೆಂಟು. ಬೆಳಿಗ್ಗೆ ಇನ್ನೂರ ಹದಿನಾಲ್ಕು, ಸಂಜೆ ಇನ್ನೂರ ಹದಿನಾಲ್ಕು. ವಾರಾನ್ನದ ಹುಡುಗನ ಹಸಿವಿನಷ್ಟೇ ಶಿಸ್ತಾದ ಲೆಕ್ಕ. ಒಂದು ನೋಟುಪುಸ್ತಕಕ್ಕೆ ಬೈಂಡು ಹಾಕಿ, ದಿನಕ್ಕೊಂದು ಚುಕ್ಕಿಯಂತೆ ಗ್ರಾಫು ಶುರುಮಾಡಿದರು.

ಗೋಮತಿ ಬಾಗಿಲಲ್ಲಿ ನಿಂತು ನೋಡಿದಳು.

"ಅಷ್ಟೆಲ್ಲ ನೀರ್ ಎಂತಕ್ಕೆ? ಮನೆಯಂಗ್ ಇಪ್ಪುದ್ ನಾವ್ ಇಬ್ರೇ."

"ನೀರ್ ಮುಖ್ಯ ಅಲ್ಲ, ಎಳೂದ್ ಮುಖ್ಯ."

ಮೊದಲ ದಿನ ಅರವತ್ತಕ್ಕೇ ತೋಳುಗಳು ಮುಷ್ಕರ ಹೂಡಿದವು. ಐದನೆಯ ದಿನ ಇನ್ನೂರು ದಾಟಿತು. ಹತ್ತನೆಯ ದಿನ ನಾಲ್ಕುನೂರ ಇಪ್ಪತ್ತೆಂಟು ಎಳೆದು ಮುಗಿಸಿದಾಗ ಅವರ ಮುಖದಲ್ಲಿ ಸಮುದ್ರ ಕಡೆದು ಎದ್ದವರ ಕಳೆಯಿತ್ತು. ನೀರು ಮೊದಲು ತೆಂಗಿನ ಬುಡಕ್ಕೆ ಹೋಯಿತು, ಆಮೇಲೆ ದಾಸವಾಳಕ್ಕೆ, ಆಮೇಲೆ ಅಂಗಳಕ್ಕೆ. ಕೊನೆಗೆ ಯಾರಿಗೂ ಬೇಡವಾಗಿ ಚರಂಡಿ ಹಿಡಿದು ಹೊಳೆಯ ದಾರಿ ನೋಡಿತು.

ಆ ಬಾವಿಯ ಬಗ್ಗೆ ಒಂದು ಮಾತು ಹೇಳಬೇಕು. ಹೊಳೆಯ ಬದಿಯ ಆ ಕೇರಿಯಲ್ಲಿ ಏಪ್ರಿಲ್ ಬಂತೆಂದರೆ ಉಳಿದ ಬಾವಿಗಳ ನೀರು ಸವುಳಾಗುತ್ತದೆ. ಉಪಾಧ್ಯರ ಬಾವಿ ಮಾತ್ರ ಮಳೆಗಾಲದವರೆಗೂ ಸಿಹಿ. ಸುತ್ತಲಿನ ಐದು ಮನೆಯವರು ಬೇಸಗೆಯಲ್ಲಿ ಕುಡಿಯುವ ನೀರಿಗೆ ಬರುವುದು ಅಲ್ಲಿಗೇ. ಯಾರೂ ಕೇಳಿ ಒಯ್ಯುತ್ತಿರಲಿಲ್ಲ. ಕೇಳಿದರೆ ಗೋಮತಿಗೇ ಸಿಟ್ಟು ಬರುತ್ತಿತ್ತು.

ಏಪ್ರಿಲ್ 13ರಂದು ವೈಕುಂಠರು ಊಟದ ನಡುವೆ ಸಾರು ಸ್ವಲ್ಪ ಉಪ್ಪಾಯಿತೆಂದರು. ಗೋಮತಿ ಮಾರನೆಯ ದಿನ ಅರ್ಧ ಚಮಚೆ ಕಡಿಮೆ ಹಾಕಿದಳು. ಅದರ ಮಾರನೆಯ ದಿನವೂ ಉಪಾಧ್ಯರು ಮುಖ ಕಿವುಚಿ, ವಯಸ್ಸಾದ ಹಾಗೆ ನಾಲಿಗೆಯ ರುಚಿಮೊಗ್ಗುಗಳು ಕಡಿಮೆಯಾಗುತ್ತವೆ, ಅಡುಗೆ ಮಾಡುವವರಿಗೆ ಕೈಯಳತೆ ತಪ್ಪುತ್ತದೆ ಎಂದು ಐದು ನಿಮಿಷ ಶರೀರಶಾಸ್ತ್ರ ಹೇಳಿದರು. ಗೋಮತಿ ಪೂರ್ತಿ ಕೇಳಿಸಿಕೊಂಡು, ಮಜ್ಜಿಗೆ ಬಡಿಸುತ್ತ ಅಂದಳು:

"ಇವತ್ತ್ ಸಾರಿಗ್ ನಾನ್ ಉಪ್ಪೇ ಹಾಕ್ಲಿಲ್ಲೆ."

ವೈಕುಂಠರ ಕೈಯ ತುತ್ತು ಬಾಯಿಯಿಂದ ನಾಲ್ಕು ಅಂಗುಲ ದೂರದಲ್ಲಿ ನಿಂತಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಬಾಗಿ ಚಾದ ಲೋಟ ಹಿಡಿದುಕೊಂಡೇ ಅಂಗಳಕ್ಕೆ ಬಂದಳು. ಎಪ್ಪತ್ತು ದಾಟಿದ ಮುದುಕಿ. ನಾಲಿಗೆಗೆ ಮಾತ್ರ ಇಪ್ಪತ್ತು.

"ಹ್ವಾಯ್ ಮಾಷ್ಟ್ರೆ, ನಿಮ್ಮ್ ಬಾವಿಗ್ ಎಂತ ಆಯ್ತ್? ಚಾ ಬಾಯಿಗ್ ಹಾಕುಕೆ ಆತಿಲ್ಲೆ. ಮೊಮ್ಮಗಳ್ ಕುಡ್ದದ್ದೇ ತುಪ್ಪಿತ್."

ವೈಕುಂಠರು ಎದ್ದು ಕೈ ತೊಳೆದು, ಬಾವಿಕಟ್ಟೆಗೆ ಒರಗಿ, ಸೇರಿದ ಐದು ಮನೆಯವರಿಗೆ ಒಂದು ಉಪನ್ಯಾಸ ಕೊಟ್ಟರು. ಹೋದ ವರ್ಷದ ಮಳೆಯ ಕೊರತೆ, ಹುಣ್ಣಿಮೆಯ ಉಬ್ಬರ, ಹೊಳೆಯ ಬಾಯಿಯಲ್ಲಿ ತುಂಬಿದ ಮರಳು, ಒಟ್ಟಾರೆ ಭೂಗೋಳದ ಮೇಲೆ ಇದ್ದ ದೂರುಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಸಮುದ್ರವನ್ನೂ ಚಂದ್ರನನ್ನೂ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಿದರು. ಜನ ತಲೆಯಾಡಿಸಿ, ಖಾಲಿ ಕೊಡ ಹಿಡಿದು ಹೋದರು. ಮಳೆಗೆ ಇನ್ನೂ ನಲವತ್ತು ದಿನವಿತ್ತು. ಅಷ್ಟು ದಿನ ಏನು ಕುಡಿಯುವುದು ಎಂದು ಯಾರೂ ಕೇಳಲಿಲ್ಲ. ಗೋಮತಿ ಮಾತ್ರ ಖಾಲಿ ಕೊಡಗಳು ಬೇಲಿ ದಾಟುವುದನ್ನು ನೋಡುತ್ತ ನಿಂತಿದ್ದಳು.

ಏಪ್ರಿಲ್ 17, ಗುರುವಾರ. ವೈಕುಂಠರು ಔಷಧಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಪರೀಕ್ಷೆ ಮಾಡಿದರು. ಕುಡಿಯುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ ಇನ್ನೂರ ಐವತ್ತು ಮಿಲಿಗ್ರಾಮಿನೊಳಗೆ ಇದ್ದರೆ ಒಳ್ಳೆಯದು. ಇದರಲ್ಲಿ ಆರುನೂರ ನಲವತ್ತು ಬಂತು. ನಂಬಿಕೆಯಾಗದೆ ಮತ್ತೊಮ್ಮೆ ಮಾಡಿದರು. ಆರುನೂರ ನಲವತ್ತೆರಡು.

ಮನೆಗೆ ಬಂದಾಗ ಮೇಜಿನ ಮೇಲೆ ಅವರ ನೋಟುಪುಸ್ತಕ ತೆರೆದಿತ್ತು. ಪಕ್ಕದಲ್ಲಿ ಅಡುಗೆಮನೆಯ ಕ್ಯಾಲೆಂಡರು. ಅದರಲ್ಲಿ ಗೋಮತಿ 13ಕ್ಕೆ 'ಸಾರು ಉಪ್ಪು' ಎಂದೂ 15ಕ್ಕೆ 'ಉಪ್ಪು ಹಾಕಿಲ್ಲ' ಎಂದೂ ಪೆನ್ಸಿಲಿನಲ್ಲಿ ಬರೆದಿದ್ದಳು. ಗ್ರಾಫಿನ ಗೆರೆ ನಾಲ್ಕುನೂರ ಇಪ್ಪತ್ತೆಂಟನ್ನು ಮುಟ್ಟಿದ್ದು 11ನೇ ತಾರೀಖು. ಎರಡನ್ನೂ ಜೋಡಿಸಲು ಬಿ.ಎಸ್ಸಿ. ಬೇಕಿರಲಿಲ್ಲ.

ಹೊಳೆಬದಿಯ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೇಲಿಕೊಂಡಿರುತ್ತದೆ. ಬೇಕಾದಷ್ಟೇ ತೆಗೆದರೆ ಕೆನೆ ಮತ್ತೆ ಕೂಡುತ್ತದೆ. ದಿನಕ್ಕೆ ನಾಲ್ಕು ಸಾವಿರ ಲೀಟರು ಬಳಿದರೆ ಕೆಳಗಿನದು ಮೇಲೆ ಬರುತ್ತದೆ. ಇದನ್ನು ವೈಕುಂಠರು ಎಷ್ಟೋ ಬ್ಯಾಚಿನ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ವಿವರಿಸಿದ್ದರು.

"ಕಾಲಿಗ್ ರೆಸ್ಟ್ ಕೊಟ್ರಿ," ಎಂದಳು ಗೋಮತಿ. "ಬಾವಿಗ್ ಎಂತಕ್ಕೆ ಕೊಡ್ಲಿಲ್ಲೆ?"

ಮಾರನೆಯ ದಿನ ಅವರು ಐದು ಮನೆಗೂ ಹೋಗಿ, ತಪ್ಪು ಚಂದ್ರನದಲ್ಲ, ತಮ್ಮದು ಎಂದು ಒಪ್ಪಿಕೊಂಡರು. ನಾಲ್ಕು ಮನೆಯವರು ನಕ್ಕು ಬಿಟ್ಟುಬಿಟ್ಟರು. ಬಾಗಿ ನಗಲಿಲ್ಲ. ಹೇಂಟೆಯ ಮೇಲೇ ಸೈಕಲ್ ಹತ್ತಿಸಿದ್ದರೆ ಕೇರಿಗೆ ಇಷ್ಟು ಉಪದ್ರ ಆಗುತ್ತಿರಲಿಲ್ಲ ಎಂದಳು.

ಅವತ್ತೇ ಬಾವಿಗೆ ಹಲಗೆ ಮುಚ್ಚಿ ರಾಟೆಯಿಂದ ಹಗ್ಗ ಬಿಚ್ಚಿದರು. ಕುಡಿಯುವ ನೀರು ಇನ್ನು ದಿಬ್ಬದ ಮೇಲಿನ ದೇವಸ್ಥಾನದ ಬಾವಿಯಿಂದಲೇ ಬರಬೇಕು; ಅದು ಒಂದು ಕಿಲೋಮೀಟರು ಇನ್ನೂರು ಮೀಟರು ದೂರ. ಡಾಕ್ಟರು ಹೇಳಿದ ಮೂರು ವಾರ ಶನಿವಾರಕ್ಕೆ ಮುಗಿದಿತ್ತು. ಸೈಕಲ್ ಹತ್ತಬಾರದು ಎಂದಿದ್ದರೇ ಹೊರತು ದೂಡಬಾರದು ಎಂದಿರಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಉಪಾಧ್ಯರು ಕ್ಯಾರಿಯರಿನ ಎರಡು ಬದಿಗೂ ಇಪ್ಪತ್ತು ಲೀಟರಿನ ಕ್ಯಾನು ಕಟ್ಟಿ, ಐದು ಮನೆಗೂ ಸೇರಿಸಿ ದಿನಕ್ಕೆ ನಾಲ್ಕು ಸಲ ಹೋಗಿಬಂದರು. ದಾರಿಯಲ್ಲಿ ಸಿಕ್ಕಿದವರೆಲ್ಲ ಸೈಕಲ್ ಪಂಕ್ಚರ್ ಆಯಿತೇ ಎಂದು ವಿಚಾರಿಸುವವರೇ. ಮೊದಲ ದಿನ ಎಲ್ಲರಿಗೂ ಹೇಂಟೆಯಿಂದ ಶುರುಮಾಡಿ ಕ್ಲೋರೈಡಿನವರೆಗೆ ವಿವರಿಸಿದರು. ಮೂರನೆಯ ದಿನದಿಂದ ಹೌದು, ಪಂಕ್ಚರ್ ಎನ್ನತೊಡಗಿದರು. ಕ್ಯಾಲೊರಿಯ ಲೆಕ್ಕ ನೆನಪಿಗೇ ಬರಲಿಲ್ಲ.

ಮೇ 10ರಂದು ಡಾಕ್ಟರು ಮೊಣಕಾಲು ಮಡಚಿ, ನೀಡಿ, ತಟ್ಟಿ ನೋಡಿ, ಇಷ್ಟು ಚೆನ್ನಾಗಿ ವಿಶ್ರಾಂತಿ ತೆಗೆದುಕೊಂಡವರು ಕಡಿಮೆ ಎಂದು ಹೊಗಳಿ, ಸೈಕಲ್ಲಿಗೆ ಅನುಮತಿ ಕೊಟ್ಟರು. ವೈಕುಂಠರು ಚಪ್ಪಲಿ ಮೆಟ್ಟಿ ಹೊರಗೆ ಬಂದರು. ಬಾವಿಯ ನೀರಿನ ಕ್ಲೋರೈಡು ಆ ಹೊತ್ತಿಗೆ ಇನ್ನೂರ ತೊಂಬತ್ತಕ್ಕೆ ಇಳಿದಿತ್ತು. ತಿಂಗಳ ಕೊನೆಗೆ ಎರಡು ಒಳ್ಳೆಯ ಮಳೆ ಬಿತ್ತು. ಎಂಬತ್ತೆಂಟು! ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದ ವೈಕುಂಠರು ಬ್ಯೂರೆಟ್ಟಿಗೆ ಕೈಮುಗಿದರು.

ಸಂಜೆ ಬಾಗಿ ಬಂದು ಒಂದು ಬೊಗಸೆ ಕುಡಿದು, ಬಾಯೊಳಗೆ ಆಡಿಸಿ, ನುಂಗಿ, ಕೊಡ ತುಂಬಿಸಿಕೊಂಡು ಹೋದಳು. ಗೋಮತಿ ಬಾವಿಕಟ್ಟೆಯ ಮೇಲೆ ಕೂತು ನಿಟ್ಟುಸಿರು ಬಿಟ್ಟಳು. ಎಷ್ಟೋ ದಿನದ ಮೇಲೆ ಅವಳ ಹೆಗಲು ಸಡಿಲವಾದದ್ದು ವೈಕುಂಠರಿಗೆ ಕಾಣಿಸಿತು. ಸಮಯ ಒಳ್ಳೆಯದಿದೆಯೆಂದು, ಇಂಥ ವಿಜ್ಞಾನಿಯನ್ನು ಕಟ್ಟಿಕೊಂಡು ಪಶ್ಚಾತ್ತಾಪವಾಯಿತೇ ಎಂದು ಕೇಳಿದರು.

"ನನ್ನ ಕಾಂಬುಕೆ ಬಂದ್ ದಿನ ಅಪ್ಪಯ್ಯ ನಿಮ್ಮತ್ರ ಎಂತ ಕೇಂಡದ್ ನೆನಪಿತ್ತಾ?"

"ಬಿ.ಎಸ್ಸಿ.ಯಂಗ್ ಎಷ್ಟ್ ಮಾರ್ಕ್ ಅಂದ್ರ್," ಎಂದರು ವೈಕುಂಠರು, ಎದೆ ಸ್ವಲ್ಪ ಮುಂದೆ ಮಾಡಿ.

"ಅದ್ ಅವ್ರ್ ಕೇಂಡದ್ದ್. ನಾನ್ ಒಳಗಿಂದ ಕೇಂಬುಕೆ ಹೇಳಿ ಕಳ್ಸದ್ ಬೇರೆ."

ಅವಳ ತವರು ಕಿರಿಮಂಜೇಶ್ವರದಲ್ಲಿ, ಕಡಲಿನ ಹತ್ತಿರ. ಅಲ್ಲಿ ಫೆಬ್ರವರಿಗೇ ಬಾವಿ ಉಪ್ಪು. ಎಂಟನೆಯ ವಯಸ್ಸಿನಿಂದ ಸೊಂಟದಲ್ಲಿ ಕೊಡ ಹೊತ್ತು ಮೈಲಿಗಟ್ಟಲೆ ನಡೆದವಳು. ವೈಕುಂಠರು ಹೆಣ್ಣು ನೋಡಲು ಬಂದ ವಾರವೇ ಬ್ಯಾಂಕಿನ ಕೆಲಸದ ಹುಡುಗನೊಬ್ಬನೂ ಬಂದು ನೋಡಿಹೋಗಿದ್ದ. ಅವನ ಮನೆಯೂ ಕಡಲಿನ ಬದಿಗೇ. ಅದಕ್ಕೇ ಗೋಮತಿ ಅಪ್ಪಯ್ಯನಿಂದ ಕೇಳಿಸಿದ್ದು, ನಿಮ್ಮ ಬಾವಿಯಲ್ಲಿ ಮೇ ಕೊನೆಗೆ ಸಿಹಿನೀರು ಎಷ್ಟು ಆಳ ಇರುತ್ತದೆ ಎಂದು.

"ನಿಮ್ಮ್ ಮಾರ್ಕ್ ಎಷ್ಟ್ ಅಂತ ನಂಗ್ ಇವತ್ತಿಗೂ ಗೊತ್ತಿಲ್ಲೆ," ಎಂದಳು ಗೋಮತಿ. "ನಾನ್ ಹೂಂ ಅಂದದ್ ನೀವ್ ಆಮೇಲ್ ಹೇಳದ್ ಕೇಂಡ್. 'ಏಳ್ ಅಡಿ ಮೂರ್ ಇಂಚ್.'"